ಬುಧವಾರಕ್ಕೆ ದೇವರು ಸಿಗಲಿಲ್ಲ

ಹೋದ ತಿಂಗಳು ಕೊಟ್ಟೂರಿನಿಂದ ಒಬ್ಬರು ಫೋನ್ ಮಾಡಿದ್ದರು. ನನಗೆ ಪರಿಚಯ ಇಲ್ಲದವರು, ಯಾರೋ ನನ್ನ ನಂಬರ್ ಕೊಟ್ಟಿದ್ದರಂತೆ. ನನ್ನ ಹಾಗೆ ಅವರ ಕೈಗೂ ಕಿಡ್ನಿಯ ರಿಪೋರ್ಟ್ ಬಂದಿತ್ತು. ಡಾಕ್ಟರು, ಔಷಧ, ಮುಂದೇನು ಎಂಬುದನ್ನೆಲ್ಲ ಬಿಟ್ಟು ಅವರು ಕೇಳಿದ್ದು ಒಂದೇ ಪ್ರಶ್ನೆ. “ಊಟಕ್ಕ ಏನ್ ಮಾಡ್ತೀರಿ ಸರ್? ರವಿವಾರ ಬಂತಂದ್ರ ಮನ್ಯಾಗ ಎಲ್ಲಾರೂ ನನ್ನ ಮಾರಿ ನೋಡ್ತಾರ.” ನಾನು ಏನೇನೋ ಹೇಳಿ ಫೋನ್ ಇಟ್ಟೆ. ಆಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಅವರು ಕೇಳಿದ್ದಕ್ಕೆ ಉತ್ತರ ಹೇಳಬೇಕೆಂದರೆ ಇಷ್ಟೂ ಹೇಳಬೇಕಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಲೈನ್‌ಮನ್. ಹರಪನಹಳ್ಳಿಯಲ್ಲಿ ಮನೆ, ಹೆಂಡತಿ ರೇಣುಕ. ನಮ್ಮದು ಕುರಿ ಸಾಕುವ ಮನೆತನ. ಊರು ಚಿಗಟೇರಿಯಿಂದ ಆಚೆ. ಅಣ್ಣ ದ್ಯಾವಪ್ಪ ಈಗಲೂ ಅಲ್ಲೇ ಹೊಲ, ಕುರಿ ನೋಡಿಕೊಂಡಿದ್ದಾನೆ. ಅಪ್ಪ ಹೋದ ಮೇಲೆ ಅವ್ವ ಅವನ ಜೊತೆಗಿದ್ದಳು. ಮನೆಯಲ್ಲಿ ಸರ್ಕಾರಿ ಕೆಲಸದಂಥ ಕೆಲಸ ಸಿಕ್ಕವನು ನಾನೊಬ್ಬನೇ ಆದ್ದರಿಂದ, ನಾನು ಕಂಬ ಹತ್ತುವುದನ್ನು ಅವ್ವ ದೊಡ್ಡ ಸಾಹೇಬನ ಕೆಲಸ ಎಂದೇ ತಿಳಿದಿದ್ದಳು.

ಮೊದಲು ಬಾತದ್ದು ಕಾಲು. ಸಂಜೆ ಶೂ ಬಿಚ್ಚಿದರೆ ಸಾಕ್ಸಿನ ಅಂಚು ಚರ್ಮದಲ್ಲಿ ಕುಳಿಯಾಗಿ ಉಳಿಯುತ್ತಿತ್ತು. ದಿನವಿಡೀ ನಿಂತೇ ಇರುವವನ ಕಾಲು ಬಾಯದೆ ಇನ್ನೇನು ಅಂದುಕೊಂಡೆ. ಆಮೇಲೆ ಬೆಳಿಗ್ಗೆ ಎದ್ದಾಗ ಕಣ್ಣ ಕೆಳಗೂ ಬಾವು ಬರತೊಡಗಿತು. ಒಂದು ದಿನ ಬಾಗಳಿ ಕಡೆ ಕಂಬದ ಅರ್ಧಕ್ಕೆ ಹತ್ತಿದವನಿಗೆ ಉಸಿರು ಸಾಲಲಿಲ್ಲ. ಕೆಳಗೆ ಇಳಿಯಲು ಆಗದೆ, ಮೇಲೆ ಹತ್ತಲು ಆಗದೆ ಬೆಲ್ಟಿಗೆ ಜೋತುಬಿದ್ದು ನಿಂತೆ. ಕೆಳಗಿನಿಂದ ರೈತರೊಬ್ಬರು ಇನ್ನೂ ಎಷ್ಟೊತ್ತು ಎಂದು ಕೇಳುತ್ತಲೇ ಇದ್ದರು. ಅವರ ಮೋಟರು ನಿಂತು ಹೋಗಿತ್ತು, ಪಾಪ. ಮೇಲಿರುವವನದೂ ನಿಲ್ಲುವ ಹಂತದಲ್ಲಿದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಇಲ್ಲಿನ ಡಾಕ್ಟರು ಬಿಪಿ ನೋಡಿ, ರಕ್ತಕ್ಕೆ ಬರೆದುಕೊಟ್ಟು, ರಿಪೋರ್ಟ್ ಬಂದ ಮೇಲೆ ದಾವಣಗೆರೆಯ ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ದಾವಣಗೆರೆಗೆ ಹೋಗಿ ಎಂದರೆ ಏನರ್ಥ ಎಂದು ನಮ್ಮ ಕಡೆಯವರಿಗೆಲ್ಲ ಗೊತ್ತು. ರೇಣುಕ ಬಸ್ಸಿನಲ್ಲಿ ಕಿಟಕಿಯ ಆಚೆ ಮೆಕ್ಕೆಜೋಳದ ಹೊಲ ನೋಡುತ್ತ ಕೂತಿದ್ದಳು.

ಆ ಆಸ್ಪತ್ರೆಯಲ್ಲಿ ಕಿಡ್ನಿ ಡಾಕ್ಟರ ಕೋಣೆಗೂ ಡಯಾಲಿಸಿಸ್ ವಾರ್ಡಿಗೂ ಒಂದೇ ಪಡಸಾಲೆ. ಎದುರಿಗೇ ವಾರ್ಡಿನ ದೊಡ್ಡ ಬಾಗಿಲು. ಅದು ತೆರೆದಾಗಲೆಲ್ಲ ಒಳಗಿನ ತಂಪು ಗಾಳಿ, ಮೆಷಿನ್‌ಗಳ ಕುಯ್ಯೆನ್ನುವ ಸದ್ದು ಹೊರಗೆ ಬರುತ್ತಿತ್ತು. ನಾನು ನೋಡಬಾರದು ಎಂದುಕೊಂಡೇ ನೋಡುತ್ತಿದ್ದೆ. ಪಕ್ಕದ ಕುರ್ಚಿಯಲ್ಲಿ ಹಡಗಲಿ ಕಡೆಯ ಹೆಣ್ಣುಮಗಳೊಬ್ಬರು ಕೂತಿದ್ದರು. ಗಂಡ ಒಳಗಿದ್ದರು. ಕೈಚೀಲದಿಂದ ಮಂಡಕ್ಕಿ ತೆಗೆದು ರೇಣುಕಳಿಗೆ ಕೊಟ್ಟು, ನಮ್ಮ ಕಥೆಯನ್ನೆಲ್ಲ ಕೇಳಿ, ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ ಹೇಳಿದರು: “ನೀವು ಇನ್ನೂ ಹೊರಗ ಕುಂದ್ರೋರು ಅಣ್ಣಾರ. ಹೊರಗ ಕುಂದರ್ರಿ. ಎಷ್ಟು ದಿನ ಆಕ್ಕತೊ ಅಷ್ಟು ದಿನ ಹೊರಗ ಕುಂದರ್ರಿ.”

ಒಳಗೆ ಡಾಕ್ಟರು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ, ಸ್ವಲ್ಪ ಓದಿದವರ ಭಾಷೆಯಲ್ಲಿ. ಕಿಡ್ನಿಯಲ್ಲಿ ಹೋದ ಭಾಗ ಹೋಯಿತು, ಅದು ವಾಪಸ್ ಬರುವುದಿಲ್ಲ, ಉಳಿದದ್ದನ್ನು ಜೋಪಾನ ಮಾಡೋಣ. ಮಾತ್ರೆ ತಪ್ಪಿಸಬೇಡಿ. ಉಪ್ಪು ಕಡಿಮೆ. ಮಾಂಸ ನಿಧಾನವಾಗಿ ಇಳಿಸುತ್ತ ಬನ್ನಿ, ಆಮೇಲೆ ಅಪರೂಪಕ್ಕೆ ಒಂದು ತುಂಡು ಅನ್ನುವ ಮಟ್ಟಕ್ಕೆ ತಂದುಕೊಳ್ಳಿ. ವಾಸಿ ಆಗುತ್ತದಾ ಎಂದು ರೇಣುಕ ಕೇಳಿದಳು. ಇದ್ದ ಹಾಗೇ ಇದ್ದರೆ ಅದೇ ವಾಸಿ ಎಂದರು. ಇಂಥ ಉತ್ತರ ಇಟ್ಟುಕೊಂಡು ಮನುಷ್ಯ ಏನು ಮಾಡಬೇಕು? ಅಳುವುದಕ್ಕೂ ಬರುವುದಿಲ್ಲ, ಖುಷಿಪಡುವುದಕ್ಕೂ ಬರುವುದಿಲ್ಲ.

ವಿಷಯ ತಿಳಿದು ಅವ್ವ ಮರುದಿನವೇ ನಮ್ಮ ಮನೆಗೆ ಬಂದಳು, ಬಂದವಳು ಇಲ್ಲೇ ಉಳಿದಳು. ಬರುವಾಗ ಊರ ಹೊರಗಿನ ದುರುಗಮ್ಮನ ಗುಡಿಯಲ್ಲಿ ನನ್ನ ಹೆಸರಿನಲ್ಲಿ ಒಂದು ಟಗರು ಹರಕೆ ಕಟ್ಟಿಕೊಂಡೇ ಬಂದಿದ್ದಳು. ಅಣ್ಣ ಹಿಂಡಿನಲ್ಲಿ ಒಂದು ಮರಿ ಆರಿಸಿ, ಕಿವಿಗೆ ಗುರುತು ಮಾಡಿ ಬಿಟ್ಟಿದ್ದನಂತೆ. ಮಗನಿಗೆ ಕುರಿ ತಿನ್ನಬೇಡ ಎಂದು ಡಾಕ್ಟರು ಹೇಳಿದ್ದಾರೆ, ಅವನಿಗೆ ವಾಸಿಯಾಗಲಿ ಎಂದು ಅವ್ವ ಕುರಿಯನ್ನೇ ಹರಕೆ ಹೊತ್ತಿದ್ದಾಳೆ. ರೇಣುಕ ನನ್ನ ಮುಖ ನೋಡಿದಳು. ಇಬ್ಬರಿಗೂ ನಗು ಬಂತು, ಆ ವಾರದಲ್ಲಿ ನಾವು ನಕ್ಕದ್ದು ಅದೊಂದೇ ಸಲ.

ನಮ್ಮ ಮನೆಯಲ್ಲಿ ಮಟನ್ ಬರೀ ಊಟ ಅಲ್ಲ. ಬಾಣಂತಿಗೆ ಅದೇ ಔಷಧ, ಜ್ವರ ಬಿಟ್ಟವನಿಗೆ ಅದೇ ಶಕ್ತಿ, ಬಂದವರಿಗೆ ಅದೇ ಮರ್ಯಾದೆ. ನಾನು ಚಿಕ್ಕವನಿದ್ದಾಗ ಕಾಮಾಲೆ ಆಗಿ ಎದ್ದ ಮೇಲೆ ಅವ್ವ ನನ್ನನ್ನು ನೆಟ್ಟಗೆ ನಿಲ್ಲಿಸಿದ್ದು ಕುರಿಕಾಲಿನ ರಸ ಕುಡಿಸಿಯೇ. ಈಗ ಅವಳ ಕೈಯಿಂದ ಅದನ್ನು ಕಿತ್ತುಕೊಂಡ ಮೇಲೆ ಅವಳಿಗೆ ನನ್ನ ಮುಂದೆ ಬಂದು ಕೂರುವುದಕ್ಕೂ ಏನೋ ಮುಜುಗರ. ಹೀರೇಕಾಯಿ ಪಲ್ಯದ ತಟ್ಟೆ ಹಿಡಿದು ಬರುವಾಗ ಬೇರೆಯವರ ಮನೆಯಿಂದ ಕೇಳಿ ತಂದ ಪಲ್ಯದ ಹಾಗೆ ತಂದಿಡುತ್ತಿದ್ದಳು.

ಉಪ್ಪಿಲ್ಲದ ಊಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತಿಂದವರಿಗೆ ಗೊತ್ತು, ತಿನ್ನದವರಿಗೆ ಹೇಳಿ ಪ್ರಯೋಜನ ಇಲ್ಲ. ಸೊಪ್ಪನ್ನಾದರೂ ಹೊಟ್ಟೆತುಂಬ ತಿನ್ನೋಣವೆಂದರೆ ಅದನ್ನೂ ಕುದಿಸಿ ನೀರು ಚೆಲ್ಲಿ ತಿನ್ನಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅವ್ವ ಆ ಹಸಿರು ನೀರನ್ನು ಬಚ್ಚಲಿಗೆ ಚೆಲ್ಲುವಾಗ ಪ್ರತಿಸಲ ಸ್ವಲ್ಪ ಹೊತ್ತು ನಿಂತು ನೋಡುತ್ತಿದ್ದಳು. ನಾನು ಇಳಿಯುತ್ತ ಹೋದೆ. ಪ್ಯಾಂಟಿನ ಬೆಲ್ಟಿಗೆ ಹೊಸ ತೂತು ಮಾಡಿಸಬೇಕಾಯಿತು. ಕಂಬ ಹತ್ತುವ ಕೆಲಸ ಬಿಡಿಸಿ ಆಫೀಸಿನಲ್ಲಿ ಫೋನ್ ಎತ್ತುವ ಕೆಲಸಕ್ಕೆ ಕೂರಿಸಿದರು. ಯಾವ ಊರಿಗೆ ಕರೆಂಟ್ ಇಲ್ಲವೆಂದು ಕೇಳಿಸಿಕೊಳ್ಳುವುದು, ಬರುತ್ತೆ ಬರುತ್ತೆ ಎನ್ನುವುದು. ಅಷ್ಟರಲ್ಲಿ ನನಗೂ ಡಾಕ್ಟರ ಭಾಷೆ ಬಂದುಬಿಟ್ಟಿತ್ತು.

ಅವ್ವ ಆಗಲೇ ಉಪಾಯ ಹುಡುಕಿದ್ದು. ಡಾಕ್ಟರು ಬೇಡ ಅಂದದ್ದು ಮಾಂಸ. ರಸ ಬೇಡ ಅಂದಿಲ್ಲವಲ್ಲ? ಮನೆಯವರಿಗೆ ಮಟನ್ ಮಾಡಿದಾಗ ಅದರ ನೀರನ್ನು ಬಸಿದು, ಒಂದು ಚೂರೂ ಬೀಳದ ಹಾಗೆ ತೆಳುವಾದ ಬಟ್ಟೆಯಲ್ಲಿ ಸೋಸಿ, ಲೋಟದಲ್ಲಿ ನನಗೆ ತಂದುಕೊಟ್ಟಳು. ನನಗೆ ಸರಿ ಅನ್ನಿಸಿತು. ರೇಣುಕಳಿಗೂ ಸರಿ ಅನ್ನಿಸಿತು. ಹಲ್ಲಿಗೆ ಏನೂ ಸಿಕ್ಕದ ಮೇಲೆ ಅದು ಹೇಗೆ ಮಾಂಸವಾದೀತು? ಮೂರು ಜನ ಕೂತು ಯೋಚನೆ ಮಾಡಿಯೇ ಒಪ್ಪಿಕೊಂಡದ್ದು. ಆಮೇಲೆ ಅವ್ವ ಚಿಗುರಿಕೊಂಡಳು. ವಾರಕ್ಕೆರಡು ಸಲ ಕುರಿಕಾಲು ತರಿಸಿ, ಒಲೆಯ ಮುಂದೆ ಕೂತು, ರಸ ಇಳಿಯುವವರೆಗೂ ಕಾಯಿಸಿ ಸೋಸುತ್ತಿದ್ದಳು. ನಾನು ಕುಡಿದು ಲೋಟ ಕೆಳಗಿಡುವವರೆಗೆ ಎದುರಿಗೇ ನಿಂತಿರುತ್ತಿದ್ದಳು.

ಮುಂದಿನ ತಪಾಸಣೆಗೆ ಅವ್ವನೂ ಬಂದಳು. ಮಗ ಗಟ್ಟಿಯಾಗಿದ್ದಾನೆ ಎಂದು ಡಾಕ್ಟರ ಬಾಯಿಂದ ಕೇಳಬೇಕೆಂಬ ಆಸೆ. ರಿಪೋರ್ಟ್ ನೋಡಿದ ಡಾಕ್ಟರು ನಾವು ಕೊಟ್ಟದ್ದು ಬೇರೆಯವರ ರಿಪೋರ್ಟೇನೋ ಎಂಬಂತೆ ಹೆಸರನ್ನು ಮತ್ತೆ ನೋಡಿದರು. ಕಿಡ್ನಿಯ ಅಂಕಿ ಏರಿತ್ತು. ಮಾಂಸ ಬಿಟ್ಟಿದ್ದೀರಾ ಎಂದರು. ಒಂದು ತುಂಡೂ ಮುಟ್ಟಿಲ್ಲ ಎಂದೆ. ಮತ್ತೇನು ತಿನ್ನುತ್ತೀರಿ ಎಂದಾಗ ಅವ್ವನೇ ಮುಂದೆ ಬಂದು, ಗೆದ್ದವಳ ಹಾಗೆ ಹೇಳಿದಳು: “ಬರೇ ರಸ ಕೊಡ್ತೀನ್ರಿ ಸಾಹೇಬ್ರ. ಅರಿಬ್ಯಾಗ ಸೋಸಿ ಕೊಡ್ತೀನಿ.”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಯಾವುದನ್ನು ಬೇಡ ಅಂದಿದ್ದೆನೋ ಅದೆಲ್ಲ ಆ ರಸದಲ್ಲೇ ಇಳಿದಿರುತ್ತದೆ ಅಮ್ಮಾ, ತುಂಡು ತಿಂದರೂ ಒಂದೇ, ಇದನ್ನು ಕುಡಿದರೂ ಒಂದೇ ಎಂದು ನಿಧಾನವಾಗಿ ಹೇಳಿದರು. ಅವ್ವ ತಲೆ ಅಲ್ಲಾಡಿಸಿದಳು. ಹೊರಗೆ ಬಂದ ಮೇಲೆ ಆ ದೊಡ್ಡ ಬಾಗಿಲು ತೆರೆಯಿತು. ಸ್ಟ್ರೆಚರಿನ ಮೇಲೆ ಯಾರನ್ನೋ ತಂದರು. ಅವ್ವ ಒಳಗೆ ಇಣುಕಿ, ಇಲ್ಲಿ ಏನು ಮಾಡುತ್ತಾರೆ ಎಂದು ಕೇಳಿದಳು. ರೇಣುಕ ಹೇಳಿದಳು. ಬಸ್ಸಿನಲ್ಲಿ ಅವ್ವ ನನ್ನ ಪಕ್ಕ ಕೂರಲಿಲ್ಲ. ಹಿಂದಿನ ಸೀಟಿನಲ್ಲಿ ಒಬ್ಬಳೇ, ಸೆರಗು ಮುಖಕ್ಕೆ ಎಳೆದುಕೊಂಡು ಕೂತಿದ್ದಳು.

ಏನಾದರೂ ಹೇಳಬೇಕಿತ್ತು. ನಿನ್ನ ತಪ್ಪಲ್ಲ ಅವ್ವ ಎಂದು ಮನೆಗೆ ಬಂದ ಮೇಲೆ ಹೇಳಿದೆ ಕೂಡ. ಅವಳು ಹೂಂ ಅಂದಳು. ಆ ಹೂಂ ಎನ್ನುವುದಕ್ಕೆ ಏನೂ ಅರ್ಥ ಇರಲಿಲ್ಲ.

ಕಾಯಿಲೆ ಇಷ್ಟಕ್ಕೇ ಬಿಡುವುದಿಲ್ಲ, ಊರಿಗೂ ಗೊತ್ತಾಗುತ್ತದೆ. ನಮ್ಮ ಕಡೆ ಮದುವೆಯಾದ ಮೇಲೆ ಬೀಗರ ಊಟ ಇರುತ್ತದೆ, ಅಲ್ಲಿ ಮಟನ್ ಬಡಿಸುವವರು ಬೇಡ ಅಂದವನನ್ನು ಬಿಡುವುದೇ ಇಲ್ಲ. ಕಿಡ್ನಿ ಎಂದು ಒಮ್ಮೆ ಹೇಳಿ ನೋಡಿದೆ. ಇಡೀ ಸಾಲು ಊಟ ನಿಲ್ಲಿಸಿ ನನ್ನನ್ನು ನೋಡಿತು. ದೂರದ ಮಾವ ಒಬ್ಬರು, ಇಂಥದೇ ಆಗಿ ಸತ್ತ ತಮ್ಮ ಷಡ್ಡಕನ ಕಥೆಯನ್ನು ಮೊದಲಿನಿಂದ ಹೇಳಲು ಶುರುಮಾಡಿದರು. ಮನೆಗೆ ಬಂದು, ಇನ್ನು ಯಾರ ಮನೆಗೂ ಹೋಗುವುದಿಲ್ಲ ಎಂದು ಹಾಸಿಗೆ ಹಿಡಿದು ಮಲಗಿಬಿಟ್ಟೆ.

ಅವ್ವ ಅವತ್ತು ಬಾಗಿಲಲ್ಲಿ ನಿಂತು, ರಸದ ವಿಷಯ ಆದ ಮೇಲೆ ಮೊದಲ ಸಲ ಊಟದ ಮಾತೆತ್ತಿದಳು. “ಜಡ್ಡು ಅಂತ ಯಾಕ ಹೇಳ್ತೀಯಲೇ ಮಲ್ಲೇಶಿ? ಇವತ್ತು ನಮ್ಮ ಮನ್ಯಾಗ ವಾರ ಐತಿ ಅನ್ನು. ಯಾವನು ಕೇಳ್ತಾನ?”

ವಾರ ಎಂದರೆ ಮನೆದೇವರ ದಿನ. ಆ ದಿನ ಮನೆಯಲ್ಲಿ ಮಾಂಸ ಇಲ್ಲ. ಬೇರೆಯವರ ಮನೆಯಲ್ಲೂ ನಮ್ಮ ವಾರಕ್ಕೆ ಮರ್ಯಾದೆ ಇದೆ. ವಾರ ಎಂದರೆ ಒತ್ತಾಯ ಮಾಡುವುದಿಲ್ಲ, ಬೇರೆ ಎಲೆ ಹಾಕಿ ಅನ್ನ ಮೊಸರು ಬಡಿಸುತ್ತಾರೆ. ನಮಗೆ ಸೋಮವಾರ ಮೊದಲಿನಿಂದಲೂ ಇತ್ತು. ಅವ್ವ ಅದರ ಪಕ್ಕಕ್ಕೆ ಶನಿವಾರ ಸೇರಿಸಿದಳು, ಹನುಮಪ್ಪನ ಹೆಸರಿನಲ್ಲಿ. ನನಗೆ ಅದು ಒಗ್ಗಿದ ಮೇಲೆ ಗುರುವಾರ ಬಂತು. ಆಮೇಲೆ ಶುಕ್ರವಾರವನ್ನು ಎಲ್ಲಮ್ಮನಿಗೆ ಬಿಟ್ಟೆವು. ಡಾಕ್ಟರು ಬೇಡ ಎಂದಾಗ ಕೈ ಕಟ್ಟಿಹಾಕಿದ ಹಾಗೆ ಅನ್ನಿಸುತ್ತಿದ್ದದ್ದು, ದೇವರಿಗೆ ಬಿಟ್ಟದ್ದು ಎಂದಾಗ ಸ್ವಲ್ಪ ಸಡಿಲವಾಯಿತು. ಊಟ ಅದೇ, ತಟ್ಟೆ ಅದೇ. ಆದರೂ ಹಾಗಾಯಿತು.

ಮಂಗಳವಾರಕ್ಕೆ ಬಂದು ಸಿಕ್ಕಿಕೊಂಡೆವು. ಮಂಗಳವಾರ ದುರುಗಮ್ಮನದು. ಅವಳು ತಾನೇ ಕುರಿ ಬೇಡುವವಳು, ಅವಳ ಹೆಸರಿನಲ್ಲಿ ಕುರಿ ತಿನ್ನುವುದನ್ನು ಬಿಡುವುದು ಹೇಗೆ? ಭಾನುವಾರ ಮಕ್ಕಳು ಮರಿ, ಬಂದವರು ಹೋದವರ ದಿನ. ಬುಧವಾರಕ್ಕಂತೂ ಅವ್ವ ಎಷ್ಟು ಯೋಚಿಸಿದರೂ ದೇವರು ಸಿಗಲಿಲ್ಲ. ಯಾರ ಪಾಲಿಗೂ ಬೀಳದ ವಾರ ಅದೊಂದೇ ಎಂದು ರೇಣುಕ ನಗುತ್ತಿದ್ದಳು. ಹಾಗಾಗಿ ಆ ಮೂರು ದಿನ ಉಳಿದವು. ಆ ದಿನಗಳಲ್ಲೂ ಮನೆಯಲ್ಲಿ ಮಾಡಿದ್ದರೆ ನನಗೆ ಹೆಬ್ಬೆರಳಿನಷ್ಟು ತುಂಡು ಒಂದೋ ಎರಡೋ, ರಸ ಹಿಂಡಿ. ಡಾಕ್ಟರು ಕೇಳಿ, ಸರಿ, ಇದೇ ಸಾಕು ಎಂದರು. ನಿಮ್ಮಲ್ಲಿ ಇನ್ನೂ ಸ್ವಲ್ಪ ದೇವರು ಇದ್ದಿದ್ದರೆ ಚೆನ್ನಾಗಿತ್ತು ಎಂದೂ ಸೇರಿಸಿದರು.

ಆಮೇಲೆ ಅಂಕಿ ಏರಲಿಲ್ಲ. ಇಳಿಯಲೂ ಇಲ್ಲ. ಪ್ರತಿ ಸಲ ದಾವಣಗೆರೆಗೆ ಹೋಗುವುದು, ಪಡಸಾಲೆಯಲ್ಲಿ ಕೂತು ಆ ಬಾಗಿಲು ನೋಡುವುದು, ಕರೆದಾಗ ಒಳಗೆ ಹೋಗುವುದು, ಇದ್ದ ಹಾಗೇ ಇದೆ ಎಂದು ಕೇಳಿಸಿಕೊಂಡು ಬರುವುದು. ಹಡಗಲಿಯ ಆ ಹೆಣ್ಣುಮಗಳು ಸಿಕ್ಕಾಗ ದೂರದಿಂದಲೇ ಕೈಸನ್ನೆಯಲ್ಲಿ ಕೇಳುತ್ತಾರೆ, ಒಳಗೋ ಹೊರಗೋ ಎಂದು. ನಾನು ಹೊರಗೆ ಎಂದು ಬೆರಳು ತೋರಿಸುತ್ತೇನೆ. ಅವರ ಗಂಡ ಒಳಗೇ ಇರುತ್ತಾರೆ.

ಹರಕೆಯ ಮರಿ ಈ ನಡುವೆ ಕೊಂಬು ತಿರುಗಿದ ಟಗರಾಗಿತ್ತು. ವಾಸಿಯಾದ ಮೇಲೆ ಒಪ್ಪಿಸುತ್ತೇನೆ ಎಂದು ಬೇಡಿಕೊಂಡದ್ದು. ಇದ್ದ ಹಾಗೇ ಇರುವುದು ವಾಸಿಯೋ ಅಲ್ಲವೋ ಎಂದು ಮನೆಯಲ್ಲಿ ವಾದ ಆಯಿತು. ಅಣ್ಣ ಇನ್ನೊಂದು ವರ್ಷ ನೋಡೋಣ ಎಂದ. ಅವ್ವ ಒಪ್ಪಲಿಲ್ಲ. ಡಾಕ್ಟರು ಇದನ್ನೇ ವಾಸಿ ಅಂದಿದ್ದಾರಲ್ಲ, ದೇವಿಯ ಹತ್ತಿರ ನಾವು ಚೌಕಾಸಿ ಮಾಡಬಾರದು ಎಂದಳು. ಒಂದು ಮಂಗಳವಾರ ಗೊತ್ತು ಮಾಡಿದೆವು.

ಗುಡಿಯ ಮುಂದಿನ ಬೇವಿನ ಮರದಡಿ ಅಡುಗೆ. ನೆಂಟರೆಂದರೆ ಮನೆಮಂದಿ ಅಷ್ಟೇ. ಹರಕೆ ಯಾರ ಹೆಸರಿನದೋ ಅವರು ಮೊದಲ ತುತ್ತು ತಿನ್ನಬೇಕು, ಅಲ್ಲಿಯವರೆಗೆ ಉಳಿದವರು ಎಲೆಗೆ ಕೈ ಹಾಕುವಂತಿಲ್ಲ. ಒಂದು ಸಣ್ಣ ತುಂಡಿಗೆ ಡಾಕ್ಟರ ಅಪ್ಪಣೆ ಇದ್ದೇ ಇತ್ತು. ಊಟಕ್ಕೆ ಕೂರುವ ಮೊದಲು ಅಣ್ಣ ನನ್ನನ್ನು ಮರದ ಹಿಂದಕ್ಕೆ ಕರೆದ. ಮೈಯೆಲ್ಲ ಕುರಿ ವಾಸನೆ, ಮುಖದಲ್ಲಿ ಏನೋ ಸಂಕಟ. “ಅವ್ವ ತಿನ್ನಾದು ಬಿಟ್ಟಾಳಲೇ,” ಎಂದ. “ಅವತ್ತು ದಾವಣಗೆರಿಯಿಂದ ಬಂದಾಗಿಂದ ಮುಟ್ಟಿಲ್ಲ. ಊರಿಗೆ ಬಂದಾಗೂ ಖಾರ ರೊಟ್ಟಿ ತಿಂತಾಳ. ನಿನಗ ಹೇಳಬ್ಯಾಡ ಅಂತ ಆಣಿ ಹಾಕಿದ್ಲು. ನೋಡು ಹೆಂಗ ಸೊರಗ್ಯಾಳ.”

ನನಗೆ ಗೊತ್ತೇ ಆಗಿರಲಿಲ್ಲ. ಒಂದೇ ಮನೆಯಲ್ಲಿದ್ದೂ ಗೊತ್ತಾಗಿರಲಿಲ್ಲ. ಅವ್ವ ಯಾವತ್ತೂ ಎಲ್ಲರಿಗೂ ಬಡಿಸಿ, ಕೊನೆಗೆ ಒಲೆಯ ಹತ್ತಿರ ಗೋಡೆಗೆ ಮುಖ ಮಾಡಿ ಕೂತು ಉಣ್ಣುವವಳು. ಅವಳ ತಟ್ಟೆಯಲ್ಲಿ ಏನಿದೆ ಎಂದು ಹುಟ್ಟಿದಾಗಿನಿಂದ ನಾವ್ಯಾರೂ ನೋಡಿದವರಲ್ಲ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ನನ್ನ ಕಾಯಿಲೆ ನನ್ನ ಮೈಯಲ್ಲಿ ಮಾತ್ರ ಇದೆ ಎಂದು ತಿಳಿದಿದ್ದೆ.

ಎಲೆ ಹಾಕಿದರು. ನಾನು ಅವ್ವನನ್ನು ಕರೆದು ಪಕ್ಕದಲ್ಲಿ ಕೂರು ಎಂದೆ. ಆಮೇಲೆ ಉಣ್ಣುತ್ತೇನೆ ಎಂದಳು. ನೀನು ಕೂರದಿದ್ದರೆ ನಾನು ತುತ್ತು ಎತ್ತುವುದಿಲ್ಲ ಎಂದೆ. ಹರಕೆಯ ಊಟ, ಎಲ್ಲರೂ ಕಾಯುತ್ತಿದ್ದಾರೆ, ಅವಳಿಗೆ ಬೇರೆ ದಾರಿ ಇರಲಿಲ್ಲ. ಕೂತಳು. ರೇಣುಕ ಇಬ್ಬರ ಎಲೆಗೂ ಬಡಿಸಿದಳು. ನಾನು ನನ್ನ ಒಂದು ತುಂಡು ತಿಂದೆ. ಅವ್ವ ಎಲೆ ನೋಡುತ್ತ ಕೂತೇ ಇದ್ದಳು.

“ಉಣ್ಣವ್ವಾ,” ಎಂದೆ. “ನೀ ಬಿಟ್ರ ನನ್ನ ಕಿಡ್ನಿ ಹೊಳ್ಳಿ ಬರ್ತೈತೇನು?”

“ನಾ ಕುಡಿಸಿದ್ದು ಹೊಳ್ಳಿ ಬರ್ತೈತೇನು?” ಎಂದಳು, ತಲೆ ಎತ್ತದೆ.

ಅವಳು ತನ್ನ ಎಲೆಯ ಮೇಲಿನ ಮಟನ್ನನ್ನು ಕೈಯಿಂದ ಸರಿಸಿ, ಹುಡುಕಿ, ನನ್ನ ತುಂಡಿನಷ್ಟೇ ಇದ್ದ ಒಂದನ್ನು ಆರಿಸಿದಳು. ಅದನ್ನು ಹಿಂಡಿ, ರಸವನ್ನು ಎಲೆಯ ತುದಿಗೆ ಬಿಟ್ಟು, ಬಾಯಿಗೆ ಹಾಕಿಕೊಂಡಳು. ಉಳಿದದ್ದನ್ನು ದ್ಯಾವಪ್ಪನ ಎಲೆಗೆ ಸುರಿದಳು. ಆಮೇಲೆ ಬರೀ ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡು ಕಲಸಿದಳು. ಹಠ ಮಾಡಿ ಇನ್ನೊಂದು ತುಂಡು ತಿನ್ನಿಸಲು ನನ್ನ ಕೈಲಿ ಆಗಲಿಲ್ಲ. ಮರದ ಕೆಳಗೆ ನಾವಿಬ್ಬರೂ ಅನ್ನ ಮಜ್ಜಿಗೆ ಉಂಡೆವು.

ಈಗಲೂ ಹಾಗೇ ನಡೆದಿದೆ. ನನಗೆ ಎಷ್ಟು ಬಿದ್ದರೆ ಅವಳಿಗೆ ಅಷ್ಟೇ. ರೇಣುಕ ಹೇಳಿ ನೋಡಿದಳು, ಅಣ್ಣ ಬೈದು ನೋಡಿದ. ದಾವಣಗೆರೆಯ ಡಾಕ್ಟರೇ ಅವಳನ್ನು ಕೂರಿಸಿ, ಆ ರಸ ಬಂದದ್ದು ಆಮೇಲೆ, ಕಾಯಿಲೆ ಮೊದಲೇ ಇತ್ತು, ನಿಮ್ಮ ವಯಸ್ಸಿಗೆ ನೀವು ಚೆನ್ನಾಗಿ ತಿನ್ನಬೇಕು ಎಂದರು. ಅವರಿಗೂ ಹೂಂ ಅಂದು ಬಂದಳು.

ಕೊಟ್ಟೂರಿನವರೇ, ನೀವು ಕೇಳಿದ್ದಕ್ಕೆ ನನಗೆ ಗೊತ್ತಿರುವುದು ಇಷ್ಟೇ. ಹರಕೆ ತೀರಿದ ಆ ವಾರದಿಂದ ನಾನು ಬುಧವಾರವನ್ನೂ ಬಿಟ್ಟೆ. ಅಡುಗೆಗೆ ಏನು ಮಾಡಲಿ ಎಂದು ಕೇಳಲು ಬಂದ ರೇಣುಕ, ಯಾವ ದೇವರ ಹೆಸರಿನಲ್ಲಿ ಬಿಟ್ಟಿರಿ ಎಂದು ನಗುತ್ತ ಕೇಳಿದಳು. ಅವ್ವ ಹಿತ್ತಲಲ್ಲಿ ಕಟ್ಟೆಯ ಮೇಲೆ ಕೂತು ಹೀರೇಕಾಯಿ ಹೆರೆಯುತ್ತಿದ್ದಳು. ಉತ್ತರವಾಗಿ ನಾನು ಅವಳ ಕಡೆ ನೋಡಿದೆ. ರೇಣುಕ ಹೋಗಿ ಅವ್ವನ ಪಕ್ಕ ಕೂತು ಇನ್ನೊಂದು ಹೀರೇಕಾಯಿ ಎತ್ತಿಕೊಂಡಳು.